ತಲುಪದ ಗಡಿಯಾರಗಳು

“ಸಾಕು ಮಾವ! ಇನ್ನೊಂದು ಸುತ್ತು ಕೊಟ್ರೆ ಸ್ಪ್ರಿಂಗ್ ಹರಿದುಹೋಗುತ್ತೆ.”

“ಸ್ಪ್ರಿಂಗ್ ಹರಿದ್ರೂ ಚಿಂತೆಯಿಲ್ಲ ಕಣೇ ಪುಟ್ಟಿ, ಸಮಸ್ಯೆ ಬಗೆಹರಿದ್ರೆ ಸಾಕು.”

ಹಾಗೆಂದರೂ ಗಿಳಿಮಾವ ಕೀಲಿಯಿಂದ ಕೈ ತೆಗೆದ. ತಾರಸಿಯ ಮೇಲೆ ಒಣಹಾಕಿದ್ದ ಮೇಲುಹಾಸುಗಳ ನಡುವೆ ಮಾವ, ಅಕ್ಕನ ಮಗಳು ಇಬ್ಬರೂ ಕುಕ್ಕರಗಾಲಿನಲ್ಲಿ ಕೂತಿದ್ದರು. ಮಾವನ ತೊಡೆಯ ಮೇಲೆ, ತಲೆಗೆ ಎರಡು ಗಂಟೆಗಳ ಕೊಂಬು ಇಟ್ಟುಕೊಂಡ ಅಲಾರಂ ಗಡಿಯಾರ. ಪುಟ್ಟಿಯ ಮಡಿಲಲ್ಲಿ ಹತ್ತಿ, ಅಂಟುಪಟ್ಟಿ, ರಟ್ಟಿನ ಪೆಟ್ಟಿಗೆ. ಗಾಳಿ ಬೀಸಿದಾಗಲೆಲ್ಲ ಒದ್ದೆ ಬಟ್ಟೆಯೊಂದು ಬಂದು ಮಾವನ ಬೋಳುತಲೆಯನ್ನು ನೆಕ್ಕಿ ಹೋಗುತ್ತಿತ್ತು.

“ಇದನ್ನ ಕೆಳಗೆ ಬೆಂಚಿನ ಮೇಲೆ ಮಾಡಬಾರದಿತ್ತಾ? ಕಳ್ಳರ ಹಾಗೆ ಇಲ್ಲಿ ಬಂದು ಕೂರಬೇಕಾ?”

“ಕಳ್ಳನ್ನ ಹಿಡಿಯೋಕೆ ಹೊರಟವನು ಕಳ್ಳನ ಹಾಗೇ ಕೂರಬೇಕಮ್ಮ. ಕುರ್ಚಿ ಮೇಲೆ ಕೂತು ಕಳ್ಳನ್ನ ಹಿಡಿದೋರು ಯಾರಿದಾರೆ?”

“ಕೆಳಗಿರೋದು ನಮ್ಮತ್ತೆ, ಅವರನ್ನ ನೋಡ್ಕೊಳ್ಳೋ ದಾದಿ. ನಿಮ್ಮ ಅಳಿಯ ಲಾರಿ ಹತ್ತಿ ವಾರ ಆಯ್ತು. ಇನ್ಯಾರ ಕಣ್ಣು ತಪ್ಪಿಸ್ತಾ ಇದೀರಿ? ಮನೆಯವರ ಮೇಲೂ ಅನುಮಾನನಾ?”

“ನನಗೆ ನನ್ನ ಮೇಲೇ ಅನುಮಾನ. ಬೆಳಿಗ್ಗೆ ಕನ್ನಡಿ ನೋಡಿ ‘ಯಾರಪ್ಪ ನೀನು, ಏನು ಕೆಲಸ?’ ಅಂತ ವಿಚಾರಿಸಿಯೇ ನಾನು ಹಲ್ಲುಜ್ಜೋದು.”

ಪುಟ್ಟಿ ನಗಲಿಲ್ಲ. ಅದು ಮಾವನಿಗೆ ಹೆದರಿಕೆ ತಂದಿತು. ಮೊಣಕಾಲುದ್ದ ಇದ್ದಾಗಿನಿಂದ ಅವನ ಒಂದು ಮಾತಿಗೆ ಮೂರು ಸಲ ನಗುತ್ತಿದ್ದ ಹುಡುಗಿ ಅವಳು.

ಅವಳು ಆನ್‌ಲೈನ್ ಸಂತೆಯಲ್ಲಿ ಮಾರಿದ ಗಡಿಯಾರಗಳು ಒಂದರ ಹಿಂದೊಂದು ಅಂಚೆಯಲ್ಲಿ ಮಾಯವಾಗುತ್ತಿದ್ದವು. ನಿನ್ನೆ ಸಂತೆಯವರು ಕೊನೆಯ ಎಚ್ಚರಿಕೆ ಕೊಟ್ಟಿದ್ದರು. ಇನ್ನೊಂದೇ ಒಂದು ದೂರು ಬಂದರೆ ಅಂಗಡಿಗೆ ಶಾಶ್ವತವಾಗಿ ಬಾಗಿಲು, ಅಂಗಡಿಯ ಹೆಸರಿನ ಮುಂದೆ ‘ವಂಚಕರು’ ಎಂಬ ಬಿರುದು. ಅತ್ತೆಯ ಔಷಧಿ, ದಾದಿಯ ಸಂಬಳ, ಒಲೆಯ ಮೇಲಿನ ಹಾಲು, ಎಲ್ಲ ನಡೆಯುತ್ತಿದ್ದುದು ಆ ಅಂಗಡಿಯಿಂದಲೇ.

“ಅಂಚೆ ಹೋಗಿ ವಂಚನೆ ಆಯ್ತು ನೋಡು,” ಎಂದು ಮಾವ ಮೊನ್ನೆ ಅಂದುಬಿಟ್ಟಿದ್ದ. ಅಂದಮೇಲೆ ನಾಲಿಗೆ ಕಚ್ಚಿಕೊಂಡಿದ್ದ. ಕೆಲವು ಸಲ ಅವನ ನಾಲಿಗೆ ಅವನನ್ನು ಕೇಳದೆಯೇ ಹೊರಗೆ ತಿರುಗಾಡಿ ಬರುತ್ತಿತ್ತು.

“ಮಾವ, ಇನ್ನೂ ಯೋಚನೆ ಮಾಡಿ. ಬಾಯಿ ಕಟ್ಟದೆ ಗಡಿಯಾರ ಕಳಿಸಿದ್ದು ಈ ಮನೆ ಇತಿಹಾಸದಲ್ಲೇ ಇಲ್ಲ.”

“ಅದಕ್ಕೇ ತಾನೆ ಕಳಿಸ್ತಿರೋದು.”

ಈ ಮನೆಯ ಕಟ್ಟಳೆಯೇ ಹಾಗಿತ್ತು. ಇಲ್ಲಿಂದ ಹೊರಡುವ ಯಾವ ಗಡಿಯಾರವೂ ದಾರಿಯಲ್ಲಿ ಮಾತಾಡಕೂಡದು. ಸ್ಪ್ರಿಂಗನ್ನು ಪೂರ್ತಿ ಇಳಿಸಿ, ಹಿಂದಿನ ತಗಡು ಬಿಚ್ಚಿ, ಗಂಟೆ ಬಡಿಯುವ ಪುಟ್ಟ ಸುತ್ತಿಗೆಗೆ ರೇಷ್ಮೆ ದಾರ ಸುತ್ತಿ ಗಂಟು ಬಿಗಿಯಬೇಕು. ಕೊಂಡವರು ದಾರದ ತುದಿ ಎಳೆದರೆ ಗಂಟು ಬಿಚ್ಚಿಕೊಂಡು ಗಡಿಯಾರಕ್ಕೆ ಬಾಯಿ ಬರುತ್ತದೆ. ಪುಟ್ಟಿಯ ಮಾವನವರು ಇದ್ದಾಗ ಅವರು ರಿಪೇರಿ ಮಾಡುತ್ತಿದ್ದರು, ಅತ್ತೆ ಬಾಯಿ ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ಎರಡೂ ಕೆಲಸವನ್ನು ಅತ್ತೆ ಸೊಸೆಗೆ ಕಲಿಸಿದ್ದರು. ಕಲಿಸಿ ಮುಗಿಸುವಷ್ಟರಲ್ಲಿ ಪಾರ್ಶ್ವವಾಯು ಬಡಿದು ಅತ್ತೆಯ ಬಲಗೈಯೂ ಮಾತೂ ಒಟ್ಟಿಗೇ ಹೋಗಿದ್ದವು.

“ನೋಡು, ನಿನ್ನ ಪಾರ್ಸಲ್ ಅಂದ್ರೆ ತುಟಿ ಪಿಟಕ್ ಅನ್ನಲ್ಲ ಅಂತ ಕಳ್ಳನಿಗೆ ಗೊತ್ತು. ಧೈರ್ಯವಾಗಿ ಎತ್ತಿಡ್ತಾನೆ. ಇವತ್ತು ಸಂಜೆ ನಾಲ್ಕಕ್ಕೆ ಇದು ಬಾಯಿ ಬಡ್ಕೊಳ್ಳುತ್ತೆ. ಅಂಚೆಚೀಲದೊಳಗೆ ಬಡ್ಕೊಂಡ್ರೆ ಆ ಗುಮಾಸ್ತ ಸಾಚಾ. ಅವನ ಬೀರು ಒಳಗೋ, ಸ್ಕೂಟರ್ ಡಬ್ಬಿ ಒಳಗೋ ಬಡ್ಕೊಂಡ್ರೆ...”

“ನಿಲ್ಲಿಸಿಬಿಡ್ತಾನೆ ಅಷ್ಟೇ. ತಲೆ ಮೇಲಿನ ಗುಂಡಿ ಒತ್ತಿದ್ರೆ ಆಯ್ತು.”

ಗಿಳಿಮಾವ ಇಕ್ಕಳ ಎತ್ತಿಕೊಂಡು ಗುಂಡಿಯನ್ನು ಹಲ್ಲು ಕೀಳುವಂತೆ ಕಿತ್ತು ಜೇಬಿಗಿಳಿಸಿದ. “ಈಗ ಒತ್ತಲಿ!”

ಪುಟ್ಟಿ ಗಡಿಯಾರವನ್ನು ಹತ್ತಿಯಲ್ಲಿ ಸುತ್ತತೊಡಗಿದಳು. ಟಿಕ್‌ಟಿಕ್ ಸದ್ದು ಮೆಲ್ಲಗೆ ಮುಳುಗಿತು. ಅದು ಅತ್ತೆಯ ಕೋಣೆಯ ಗೋಡೆಯಿಂದ ಇಳಿಸಿದ ಗಡಿಯಾರ, ಪುಟ್ಟಿಯ ಮಾವನವರು ಬದುಕಿಡೀ ಕೂಡಿಹಾಕಿದ್ದರಲ್ಲಿ ಒಂದು. ಮಾಯವಾದವೆಲ್ಲ ಆ ಗೋಡೆಯವೇ. ಹಳೇ ಸಾಮಾನಿನ ಸಂತೆಯಲ್ಲಿ ಕೊಂಡು, ರಿಪೇರಿ ಮಾಡಿ ಮಾರಿದವು ಮಾತ್ರ ಸುಖವಾಗಿ ಊರು ಸೇರಿದ್ದವು. ಕಳ್ಳನಿಗೆ ಒಳ್ಳೆಯ ಮಾಲು ಯಾವುದೆಂದು ಗೊತ್ತಿದೆ ಎಂದು ಮಾವ ಆಗಲೇ ಲೆಕ್ಕ ಹಾಕಿದ್ದ.

“ಮಾವ.” ಅವಳ ಕೈ ನಿಂತಿತು. “ಇವತ್ತೂ ಏನೂ ಗೊತ್ತಾಗದೆ ಹೋದ್ರೆ?”

“ಗೊತ್ತಾಗುತ್ತೆ.”

“ಕೊಂಡವರೊಬ್ರು ಎಲ್ಲರಿಗೂ ಕಾಣೋ ಹಾಗೆ ಬರೆದಿದಾರೆ, ‘ಈ ಹೆಂಗಸು ಕಳ್ಳಿ’ ಅಂತ. ರಾತ್ರಿಯೆಲ್ಲ ಅದನ್ನೇ ಓದಿದೆ. ಓದ್ತಾ ಓದ್ತಾ ನನಗೇ ನಿಜ ಅನ್ನಿಸೋಕೆ ಶುರುವಾಯ್ತು.”

ಪುಟ್ಟಿ ಎದ್ದು ಬಟ್ಟೆಯ ಮರೆಯಲ್ಲಿ ಮೂಗು ಒರೆಸಿಕೊಂಡಳು. ಮಾವ ಎಂಥೆಂಥವರ ದನಿಯನ್ನೋ ಅನುಕರಣೆ ಮಾಡಬಲ್ಲವನು. ಸಮಾಧಾನ ಹೇಳುವವರ ದನಿಯೊಂದು ಮಾತ್ರ ಅವನಿಗೆ ಕೂಡಿಬರುತ್ತಿರಲಿಲ್ಲ.

*

ಹೊರಡುವ ಮೊದಲು ಅವನು ಬೀಗಿತ್ತಿಯ ಕೋಣೆಗೆ ಇಣುಕಿದ. ಬರೀ ಇಣುಕಿದರೆ ಮರ್ಯಾದೆಯಲ್ಲವೆಂದು ಒಳಗೂ ಹೋದ.

ಅತ್ತೆಯ ಮಂಚ ಗೋಡೆಗೆ ಎದುರಾಗಿತ್ತು. ಒಂದು ಕಾಲಕ್ಕೆ ಗಡಿಯಾರಗಳಿಂದ ತುಂಬಿದ್ದ ಗೋಡೆ. ಈಗ ಅಲ್ಲಲ್ಲಿ ಬಿಳಿಚಿದ ಗುಂಡು ಗುರುತುಗಳು, ನಡುವೆ ಉಳಿದ ಕೆಲವು ಗಡಿಯಾರಗಳು. ಪುಟ್ಟಿ ಒಂದೊಂದನ್ನು ಇಳಿಸಿದಾಗಲೂ ಗೋಡೆಗೆ ಒಂದೊಂದು ಕಣ್ಣು ಬಂದಂತಾಗುತ್ತಿತ್ತು.

“ಏನು ಬೀಗಿತ್ತಿಯಮ್ಮ, ಬಾಯಿಗೆ ಬೀಗ ಇನ್ನೂ ತೆಗೆದಿಲ್ವಾ?”

ಅತ್ತೆಯ ಎಡಗಡೆಯ ತುಟಿ ಸ್ವಲ್ಪ ಮೇಲೆದ್ದಿತು. ಅದು ಅವರ ನಗು. ಎಡಗೈಯಲ್ಲಿ, ದಾದಿ ಬೆರಳಿನ ವ್ಯಾಯಾಮಕ್ಕೆಂದು ಕೊಟ್ಟ ದಾರದ ಉಂಡೆ ಉರುಳುತ್ತಿತ್ತು. ಕತ್ತಿನ ಹಗ್ಗದಲ್ಲಿ ದಪ್ಪ ಗುಂಡಿಗಳ ಹಳೆಯ ಮೊಬೈಲು. ಮಾತಿಲ್ಲದವರಿಗೆ ಫೋನೇಕೆ ಎಂದು ಯಾರಾದರೂ ಕೇಳಿದರೆ ಪುಟ್ಟಿ ಹೇಳುತ್ತಿದ್ದಳು: ನೀರು ಬೇಕಾದರೆ ಒಂದು ಮಿಸ್ಡ್ ಕಾಲ್, ಮಗ್ಗುಲು ಬದಲಿಸಬೇಕಾದರೆ ಎರಡು.

ಮೂಲೆಯಲ್ಲಿ ದಾದಿ ಟವೆಲು ಮಡಚುತ್ತಿದ್ದಳು. ಭಾರಿ ಗಾತ್ರದ ಹೆಂಗಸು, ಹಗುರವಾದ ಹೆಜ್ಜೆ. ಕೇಳಿದ್ದಕ್ಕೆ ‘ಹೂಂ’, ಕೇಳದ್ದಕ್ಕೆ ಅದೂ ಇಲ್ಲ.

“ಗಿಳಿಮಾವ, ಒಂದು ಆಟ ಆಡಿ ಹೋಗಿ,” ಎಂದಳು ಪುಟ್ಟಿ ಬಾಗಿಲಲ್ಲಿ ನಿಂತು. “ಈ ವಾರ ಅವರ ಮುಂದೆ ಕೂತೇ ಇಲ್ಲ ನೀವು.”

ಇದು ಡಾಕ್ಟರ ಸಲಹೆ. ಮಾತು ಹೋದವರ ಮುಂದೆ ಮಾತಾಡುತ್ತಲೇ ಇರಬೇಕು, ಪುಟ್ಟ ಪುಟ್ಟ ಮಾತು ಹೇಳಿ ‘ನೀವೂ ಹೇಳಿ’ ಎನ್ನಬೇಕು, ಬರಬಹುದು, ಬರದೆಯೂ ಇರಬಹುದು. ತಿಂಗಳುಗಟ್ಟಲೆಯಿಂದ ಗಿಳಿಮಾವ ವಾರಕ್ಕೊಮ್ಮೆ ಮಂಚದ ಪಕ್ಕ ಕೂತು ಪಾಠ ಮಾಡುತ್ತಿದ್ದ. ಅಆಇಈ ಹೇಳಿಸಿದರೆ ಅತ್ತೆ ಮುಖ ತಿರುಗಿಸುತ್ತಿದ್ದರು. ಊರವರ ಅಣಕ ಮಾಡಿದರೆ ಕಣ್ಣರಳಿಸಿ ಕೇಳುತ್ತಿದ್ದರು. ಅದರಲ್ಲೂ ಅವರಿಗೆ ಅಚ್ಚುಮೆಚ್ಚು, ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಪುಟ್ಟಿ.

ಮಾವ ಸೆರಗಿಲ್ಲದ ಹೆಗಲಿಗೆ ಸೆರಗೆಳೆದುಕೊಂಡ. ಗಂಟಲನ್ನು ಮೂಗಿನ ಪಕ್ಕಕ್ಕೆ ತಂದುಕೊಂಡ.

“ತ್ಚು... ಅಣ್ಣಾ, ಗಡಿಯಾರ ಓಡ್ತಾನೇ ಇದೆ ಅಣ್ಣಾ, ನೀವೇ ನಿಂತುಬಿಟ್ಟಿದೀರ! ತ್ಚು... ಒಂದು ಸಲ ಕೀಲಿ ಕೊಟ್ಟು ನೋಡಿ ಅಣ್ಣಾ, ಅದಕ್ಕೆ!”

ದನಿ ಎಷ್ಟು ಸರಿಯಾಗಿತ್ತೆಂದರೆ ದಾದಿ ಟವೆಲು ಬಿಟ್ಟು ಬಾಗಿಲಿನತ್ತ ನೋಡಿದಳು.

“ನಾನು ಯಾವತ್ತು ಹಂಗೆ ಲೊಚಗುಟ್ಟಿದೀನಿ?” ಎಂದು ಪುಟ್ಟಿ ಸಿಡುಕಿದಳು. “ಪ್ರತಿ ಸಲ ಅದೊಂದು ‘ತ್ಚು’ ಸೇರಿಸ್ತೀರ.”

“ಅದು ನನ್ನ ಒಗ್ಗರಣೆ ಕಣಮ್ಮ. ದನಿ ನಿಂದು, ಲೊಚಗುಡೋದು ನಂದು. ಒಗ್ಗರಣೆ ಇಲ್ಲದೆ ಅಣಕ ರುಚಿಸಲ್ಲ, ಅಲ್ವಾ ಬೀಗಿತ್ತಿಯಮ್ಮ? ಎಲ್ಲಿ, ನೀವೂ ಒಂದು ಸಲ ಹೇಳಿ. ‘ತ್ಚು... ಅಣ್ಣಾ.’”

ಅತ್ತೆಯ ತುಟಿ ಮತ್ತೆ ಎಡಕ್ಕೆ ಎದ್ದಿತು. ಸದ್ದು ಮಾತ್ರ ಹೊರಡಲಿಲ್ಲ. ಕಣ್ಣು ಪುಟ್ಟಿಯ ಕಂಕುಳಲ್ಲಿದ್ದ ಪೆಟ್ಟಿಗೆಯ ಮೇಲೆ ಒಂದು ಕ್ಷಣ ನಿಂತು, ಗೋಡೆಯ ಹೊಸ ಬಿಳಿಗುರುತಿಗೆ ಹೋಯಿತು.

“ಪಾರ್ಸಲ್ ಕೊಟ್ಟು ಬಂದುಬಿಡ್ತೀನಿ ಅತ್ತೆ,” ಎಂದಳು ಪುಟ್ಟಿ. “ರಶೀದಿ ಎಂದಿನ ಹಾಗೆ ನಿಮ್ಮ ಡಬ್ಬಿಗೇ ಹಾಕ್ತೀನಿ.”

*

ಅಂಚೆ ಕಚೇರಿಯ ಹಿತ್ತಿಲಿನಲ್ಲಿ ಒಂದು ತಗಡಿನ ಚಪ್ಪರ, ಅದರ ಕೆಳಗೆ ಗುಮಾಸ್ತನ ಸ್ಕೂಟರು, ಪಕ್ಕದಲ್ಲಿ ಅಂಚೆಚೀಲ ಸಾಗಿಸುವ ಬಾಗಿಲು. ಪುಟ್ಟಿ ಮುಂಬಾಗಿಲಿನಲ್ಲಿ ಪಾರ್ಸಲ್ ಕೊಟ್ಟು ಹೋದ ಮೇಲೆ ಗಿಳಿಮಾವ ಹಿಂಬಾಗಿಲಿನ ಎದುರಿಗೆ, ಮುರಿದ ಬೆಂಚೊಂದರ ಮೇಲೆ ಪತ್ರಿಕೆ ಹಿಡಿದು ಕೂತ. ಕದ್ದ ಮಾಲು ಹಿಂಬಾಗಿಲಿನಲ್ಲೇ ಹೋಗಬೇಕು ಎಂಬುದು ಅವನ ತರ್ಕ. ಮಧ್ಯಾಹ್ನದ ಊಟವನ್ನೂ ಅಲ್ಲೇ ಪತ್ರಿಕೆಯ ಮರೆಯಲ್ಲಿ ಮುಗಿಸಿದ. ಅದೇ ಸುದ್ದಿಯನ್ನು ಎಷ್ಟು ಸಲ ಓದಿದನೆಂದರೆ ಕೊನೆಕೊನೆಗೆ ಅದೂ ಹಳಸಿತು.

ಹಿಂಬಾಗಿಲಿನಿಂದ ಒಂದು ಬೆಕ್ಕು ಬಿಟ್ಟರೆ ಏನೂ ಹೊರಗೆ ಹೋಗಲಿಲ್ಲ.

ಈ ಗುಮಾಸ್ತನ ಮೇಲೆ ಅವನಿಗೆ ಮೊದಲ ದಿನದಿಂದಲೂ ಕಣ್ಣು. ಮಾಯವಾದ ಒಂದೊಂದು ಪಾರ್ಸಲಿನ ಜಾಡನ್ನು ಮೊಬೈಲಿನಲ್ಲಿ ನೋಡಿದರೂ ಒಂದೇ ಸಾಲು: ‘ಸ್ವೀಕರಿಸಲಾಗಿದೆ.’ ರವಾನೆಯಾಗಿದೆ ಎಂಬ ಮಾತೇ ಇಲ್ಲ. ಅಂದರೆ ಪಾರ್ಸಲ್ ಈ ಕೌಂಟರ್ ದಾಟಿಲ್ಲ. ಸಹಾಯವಾಣಿಗೆ ಫೋನ್ ಮಾಡಿ ಮಾಡಿ ಪುಟ್ಟಿ ಅಸಹಾಯಳಾಗಿದ್ದಳು. ಕೌಂಟರಿನಲ್ಲೇ ಕೇಳುತ್ತೇನೆ ಎಂದು ಹೊರಟವಳನ್ನು ತಡೆದವನು ಮಾವನೇ. “ಕಳ್ಳನ್ನ ಎಚ್ಚರಿಸಿದ ಹಾಗಾಗುತ್ತೆ. ಅವನ ಮುಂದೆ ಪಾರ್ಸಲ್ಲಿನ ಮಾತೆತ್ತಿದ್ರೆ ನೋಡು!”

ನಾಲ್ಕಕ್ಕೆ ಮುಂಚೆ ಅವನು ಒಳಗೆ ಹೋದ.

ಉದ್ದನೆಯ ಹಜಾರ, ಅಂಟಿನ ವಾಸನೆ, ಗಾಜಿನ ಹಿಂದೆ ಗುಮಾಸ್ತ. ಗಿಳಿಮಾವ ಅವನಿಗೆ ಇಟ್ಟ ಹೆಸರು ಠಸ್ಸೆರಾಯ. ಕಾಗದದ ಮೇಲೆ ಠಸ್ಸೆ ಹೊಡೆಯುವ ರಭಸ ನೋಡಿದರೆ ಹಿಂದಿನ ಜನ್ಮದ ಹಗೆ ತೀರಿಸಿಕೊಳ್ಳುತ್ತಿರುವಂತಿತ್ತು. ಮಾತೆಲ್ಲ ಮೂಗಿನಿಂದಲೇ. “ಮುಂದಿನೋರೂ!” ಎಂಬ ಅವನ ಕೂಗನ್ನು ಮಾವ ಎರಡೇ ದಿನದಲ್ಲಿ ಕಲಿತಿದ್ದ.

ಗೋಡೆಯ ಗಡಿಯಾರದ ಮುಳ್ಳು ನಾಲ್ಕಕ್ಕೆ ಬಂತು. ಮಾವ ಕಿವಿ ನಿಮಿರಿಸಿದ.

ಠಪ್. ಠಪ್. ಠಸ್ಸೆಯ ಸದ್ದು. ಯಾರದೋ ಕೆಮ್ಮು.

ಗಂಟೆಯಿಲ್ಲ.

ಮುಳ್ಳು ನಾಲ್ಕನ್ನು ದಾಟಿತು. ಹಿಂದಿನ ಕೋಣೆಯಲ್ಲೂ ಸದ್ದಿಲ್ಲ, ಹಿತ್ತಿಲಿನಲ್ಲೂ ಇಲ್ಲ. ಅಂದರೆ ಗಡಿಯಾರ ಈ ಕಟ್ಟಡದಲ್ಲೇ ಇಲ್ಲ! ಮಾವನಿಗೆ ಸಿಟ್ಟು ತಲೆಗೇರಿತು. ಸಾಲಿನಲ್ಲಿದ್ದವರನ್ನು ಬದಿಗೆ ಸರಿಸಿ ಗಾಜಿಗೆ ಮುಖ ಹಚ್ಚಿದ.

“ಎಲ್ಲಿಟ್ಟಿದೀಯ ಅದನ್ನ?”

“ಸಾಲಲ್ಲಿ ಬನ್ನಿ ಯಜಮಾನ್ರೆ.”

“ಸಾಲಲ್ಲೇ ಬಂದಿದೀನಿ. ಸಾಲಾಗಿ ಮಾಯ ಆದವಲ್ಲ ಪಾರ್ಸಲ್‌ಗಳು, ಅವುಗಳ ಹಿಂದೆ! ಬೆಳಿಗ್ಗೆ ಗಡಿಯಾರದ ಹುಡುಗಿ ಕೊಟ್ಟ ಪೆಟ್ಟಿಗೆ ಎಲ್ಲಿ?”

ಠಸ್ಸೆ ಗಾಳಿಯಲ್ಲೇ ನಿಂತಿತು. “ನೀವು ಯಾರು?”

“ಅವಳ ಸೋದರಮಾವ. ಬೆಳಗ್ಗಿಂದ ನಿನ್ನ ಹಿಂಬಾಗಿಲು ಕಾದಿದೀನಿ.”

“ಓ, ಆ ಪೇಪರ್ ಓದೋ ಮಹರಾಯರು ನೀವೇನಾ? ತಲೆಕೆಳಗಾಗಿ ಹಿಡಿದು ಓದ್ತಿದ್ರಿ. ಮನೆ ಬಿಟ್ಟು ಬಂದೋರು ಅಂದ್ಕೊಂಡ್ವಿ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾವನ ಬೋಳುತಲೆ ಕೆಂಪಾಯಿತು.

“ನಗು, ನಗು. ಒಂದು ಹೆಣ್ಣುಮಗಳ ಹೆಸರು ಮಣ್ಣಾಗ್ತಾ ಇದೆ. ಜನ ಅವಳನ್ನ ಕಳ್ಳಿ ಅಂತಿದಾರೆ. ನೀನಿಲ್ಲಿ ಠಸ್ಸೆ ಹೊಡ್ಕೊಂಡು ಕೂತಿದೀಯ. ತೆಗಿ ನಿನ್ನ ಬೀರು! ತೆಗಿ ಸ್ಕೂಟರ್ ಡಬ್ಬಿ!”

ಗುಮಾಸ್ತ ಎದ್ದು ನಿಂತ. ನಿಂತಾಗ ಅವನು ಕೂತಾಗಿನದಕ್ಕಿಂತ ಕುಳ್ಳಗೆ ಕಂಡ.

“ಇಷ್ಟು ವರ್ಷ ಈ ಕೈಯಲ್ಲಿ ಊರಿನ ಗಂಟು ಹೋಗಿದೆ. ಒಂದು ದಾರ ಸಡಿಲ ಮಾಡಿದೋನಲ್ಲ ನಾನು. ಬೀರು ನೋಡ್ಬೇಕಾ? ಬನ್ನಿ ಒಳಗೆ. ಎಲ್ಲಾ ನೋಡಿ. ಆಮೇಲೆ ಇವರೆಲ್ಲರ ಮುಂದೆ ತಪ್ಪಾಯ್ತು ಅನ್ನಿ.”

ಬೀರು ತೆರೆದ. ಠಸ್ಸೆಗಳು, ಮಸಿ, ಒಂದು ಜೊತೆ ಚಪ್ಪಲಿ. ಹಿಂದಿನ ಕೋಣೆಯ ಚೀಲವನ್ನು ನೆಲಕ್ಕೆ ಸುರಿದ. ಪಾರ್ಸಲ್‌ಗಳು ಉರುಳಿದವು. ಪುಟ್ಟಿಯದು ಇರಲಿಲ್ಲ.

“ಇಲ್ಲ ನೋಡು!” ಎಂದ ಮಾವ.

“ಇರೋದು ಹೇಗೆ? ವಾಪಸ್ ತಗೊಂಡು ಹೋದ್ರಲ್ಲ.”

“ಯಾರು?”

“ನೀವೇ. ಅಂದ್ರೆ, ನಿಮ್ಮ ಮನೆಯವರೇ.”

ಗುಮಾಸ್ತ ಚೀಲಕ್ಕೆ ಪಾರ್ಸಲ್ ತುಂಬುತ್ತಲೇ ಮಾತಾಡಿದ.

“ಚೀಲಕ್ಕೆ ಸೀಲು ಬೀಳೋ ತನಕ ಕಳಿಸಿದೋರು ರಶೀದಿ ತೋರಿಸಿ ವಾಪಸ್ ತಗೋಬಹುದು. ರೂಲ್ಸ್ ಇದೆ. ಮೇಡಂ ಫೋನ್ ಮಾಡ್ತಾರೆ, ವಿಳಾಸ ತಪ್ಪಾಗಿದೆ, ಎತ್ತಿಡಿ ಅಂತ. ಹಿಂದೇನೇ ಆ ದಪ್ಪಗಿನ ದಾದಿಯಮ್ಮ ರಶೀದಿ ಹಿಡ್ಕೊಂಡು ಬರ್ತಾರೆ. ಇವತ್ತೂ ಬಂದಿದ್ರು. ಮುಂಬಾಗಿಲಲ್ಲಿ, ರಾಜಾರೋಷವಾಗಿ.”

“ಪ್ರತಿ ಸಲ ಹೀಗೇನಾ?”

“ಪ್ರತಿ ಸಲ ಅಲ್ಲ, ಕೆಲವು ಸಲ. ಮೆಷಿನ್‌ನಲ್ಲಿ ಅದನ್ನ ರದ್ದು ಮಾಡ್ಬೇಕು, ಆ ಮೆಷಿನ್ ಏಳೋದೇ ಇಲ್ಲ, ನಾನೂ ಬಿಟ್ಟುಬಿಡ್ತೀನಿ. ಅದು ನನ್ನ ತಪ್ಪು, ಒಪ್ಕೋತೀನಿ. ಯಾಕಮ್ಮಾ ಹಿಂಗೆ ವಿಳಾಸ ತಪ್ಪಾಗುತ್ತೆ ಅಂತ ಮೇಡಂನ ಕೇಳೋಣ ಅಂತಿದ್ದೆ. ಇತ್ತೀಚೆಗೆ ಅವರು ನನ್ನ ಮುಖಾನೇ ನೋಡಲ್ಲ.”

ನೋಡದಂತೆ ಮಾಡಿದವನು ಯಾರು? ಮಾವನೇ, ತನ್ನದೇ ಜಾಣತನದಿಂದ.

“ಫೋನಿನಲ್ಲಿ... ದನಿ ಅವಳದೇನಾ?”

“ದಿನಾ ಕೇಳೋ ದನಿ ಯಜಮಾನ್ರೆ. ಅಷ್ಟೂ ಗೊತ್ತಾಗಲ್ವಾ?”

ಗಿಳಿಮಾವ ಹಜಾರಕ್ಕೆ ಬಂದು ಗೋಡೆಗೊರಗಿದ. ಸಾಲಿನಲ್ಲಿದ್ದವರು ಅವನನ್ನು ನೋಡುತ್ತಿದ್ದರು. ಅವನು ಯಾರನ್ನೂ ನೋಡಲಿಲ್ಲ.

ಕೊಂಡವರಿಂದ ಹಣ ಬರುತ್ತದೆ. ಪಾರ್ಸಲ್ ಕೊಟ್ಟ ರಶೀದಿ ಇರುತ್ತದೆ. ಗಡಿಯಾರ ಸದ್ದಿಲ್ಲದೆ ಮನೆಗೆ ಬರುತ್ತದೆ. ಕೇಳಿದವರಿಗೆ ‘ಅಂಚೆಯಲ್ಲಿ ಕಳೆದುಹೋಯಿತು’ ಎಂದು ಅತ್ತರೆ ಆಯಿತು. ಒಂದು ಕಾಲದಲ್ಲಿ ವಿಮೆ ಕಂಪನಿಗಾಗಿ ಇಂಥ ಕಳ್ಳಾಟಗಳನ್ನು ಹಿಡಿದೇ ಅವನು ತಲೆಯ ಕೂದಲು ಕಳೆದುಕೊಂಡಿದ್ದ. ಬೇರೆ ಯಾರ ಮನೆಯ ಕತೆಯಾಗಿದ್ದರೂ ಈ ಹೊತ್ತಿಗೆ ಚಿಟಿಕೆ ಹೊಡೆದು ಎದ್ದಿರುತ್ತಿದ್ದ.

ಬೆಳಿಗ್ಗೆ ಒದ್ದೆ ಬಟ್ಟೆಯ ಮರೆಯಲ್ಲಿ ಮೂಗು ಒರೆಸಿಕೊಂಡಳಲ್ಲ, ಅದೂ ಆಟವೇ? ಆಟ ಕಲಿಸಿದವನು ತಾನೇ ಅಲ್ಲವೇ? ಅಕ್ಕ ತೀರಿದ ಮೇಲೆ ಅಳುವ ಮಗುವನ್ನು ಕಾಗೆ ಗುಬ್ಬಿ ನಾಯಿ ಬೆಕ್ಕಿನ ದನಿ ಮಾಡಿ ನಗಿಸಿದವನು, ದನಿ ಬದಲಿಸಿದರೆ ಜನ ನಂಬುತ್ತಾರೆ ಎಂದು ತೋರಿಸಿಕೊಟ್ಟವನು?

“ಮುಂದಿನೋರೂ!” ಎಂದಿತು ಮೂಗಿನ ದನಿ. ಠಪ್. ಠಪ್.

ಮಾವ ತಲೆಯೆತ್ತಿ ಗೋಡೆ ನೋಡಿದ. “ಈ ಗಡಿಯಾರ ಸರಿ ಇದೆಯಾ?”

“ಸ್ವಲ್ಪ ಮುಂದಿದೆ,” ಎಂದ ಗುಮಾಸ್ತ ತಲೆ ತಗ್ಗಿಸಿ. “ಬಾಗಿಲು ಹಾಕೋ ಹೊತ್ತು ಬೇಗ ಬರ್ಲಿ ಅಂತ ನಾವೇ ತಿರುಗಿಸಿಟ್ಟಿದೀವಿ.”

ಹಾಗಾದರೆ ನಾಲ್ಕು ಇನ್ನೂ ಆಗಿರಲಿಲ್ಲ.

ಮಾವನ ಜೇಬಿನಲ್ಲಿ ಮೊಬೈಲು ನಡುಗಿತು. ಪುಟ್ಟಿ.

“ಮಾವ.” ಪಿಸುಮಾತು. “ಕೇಳಿಸ್ತಾ ಇದೆಯಾ?”

ಕೇಳಿಸುತ್ತಿತ್ತು. ದೂರದಲ್ಲಿ, ಬಟ್ಟೆಯ ಕೆಳಗೆ ಹೂತಂತೆ, ಆದರೆ ಬಿಡದೆ, ಪ್ರಾಣ ಹೋಗುವಂತೆ ಬಾಯಿ ಬಡಿದುಕೊಳ್ಳುವ ಎರಡು ಗಂಟೆಗಳು.

“ಎಲ್ಲಿದೀಯ?”

“ಮುಂದಿನ ಕೋಣೆ. ಬೆಂಚಿನ ಹತ್ತಿರ. ನಮ್ಮ ಮನೇಲೇ ಬಡೀತಿದೆ ಮಾವ! ನಾನೇ ಕೈಯಾರೆ ಕೌಂಟರಿನಲ್ಲಿ ಕೊಟ್ಟು ಬಂದೆ, ಅದು ಹೆಂಗೆ...”

“ಪುಟ್ಟಿ, ಒಂದು ಮಾತು. ಇವತ್ತು ನೀನು ಪೋಸ್ಟ್ ಆಫೀಸಿಗೆ ಫೋನ್ ಮಾಡಿದ್ಯಾ?”

“ಇಲ್ಲ. ಯಾಕೆ?”

“ದಾದಿ ಕೈಲಿ ಪಾರ್ಸಲ್ ವಾಪಸ್ ತರಿಸಿದ್ಯಾ?”

“ಏನು ಹೇಳ್ತಿದೀರ ನೀವು?”

“ನಿಜ ಹೇಳು ಮಗಳೇ. ಬೈಯಲ್ಲ.”

ಆಚೆ ಕಡೆ ಗಂಟೆ ಮಾತ್ರ ಬಡಿಯುತ್ತಿತ್ತು.

“ಮಾವ,” ಎಂದಳು ಕೊನೆಗೆ. “ನೀವೂನಾ?”

ನಿಜವೋ ಆಟವೋ ಹೇಳಬಲ್ಲ ಕಿವಿ ಅವನದು ಎಂದು ಊರೆಲ್ಲ ನಂಬಿತ್ತು. ಈ ಹೊತ್ತು ಅವನ ಕಿವಿಗೆ ಏನೂ ಗೊತ್ತಾಗುತ್ತಿರಲಿಲ್ಲ.

“ಸದ್ದು ಎಲ್ಲಿಂದ ಬರ್ತಿದೆ ನೋಡು. ಮೊದಲು ಅದನ್ನ ನೋಡು.”

ಚಪ್ಪಲಿ ಕಳಚಿದ ಸದ್ದು. ಬರಿಗಾಲಿನ ಹೆಜ್ಜೆ. ಗಂಟೆ ಹತ್ತಿರವಾಯಿತು.

“ಅತ್ತೆ ರೂಮಿಂದ. ಬಾಗಿಲು ಎಳೆದಿಟ್ಟಿದೆ. ದಾದಿ ಔಷಧಿ ತರೋಕೆ ಅಂತ ಹೋದ್ಲು, ಒಳಗೆ ಅತ್ತೆ ಒಬ್ರೇ. ಹೆದರಿಬಿಟ್ಟಿರ್ತಾರೆ ಪಾಪ, ಹೋಗಿ ನಿಲ್ಲಿಸಿ...”

ಗಂಟೆ ನಿಂತಿತು.

ಕೀಲಿ ಇಳಿದು, ಸುಸ್ತಾಗಿ, ಮೆಲ್ಲಗೆ ನಿಂತದ್ದಲ್ಲ. ಕತ್ತು ಹಿಡಿದಂತೆ ಒಮ್ಮೆಲೇ.

“ಮಾವ,” ಪುಟ್ಟಿಯ ಉಸಿರು ಫೋನಿಗೆ ಬಡಿಯಿತು. “ಗುಂಡಿ ನೀವು ಕಿತ್ತಿದ್ರಲ್ಲ.”

ಮಾವ ಜೇಬು ಮುಟ್ಟಿ ನೋಡಿಕೊಂಡ. ಇಕ್ಕಳದ ಹಲ್ಲಿನ ಗುರುತು ಹೊತ್ತ ಗುಂಡಿ ಅಲ್ಲೇ ಇತ್ತು. ಗುಂಡಿಯಿಲ್ಲದ ಆ ಗಡಿಯಾರವನ್ನು ಸುಮ್ಮನಾಗಿಸಲು ಇರುವುದು ಒಂದೇ ದಾರಿ. ತಗಡು ಬಿಚ್ಚಬೇಕು, ಓಡುತ್ತಿರುವ ಸುತ್ತಿಗೆಯನ್ನು ಬೆರಳಲ್ಲಿ ಹಿಡಿಯಬೇಕು, ದಾರ ಸುತ್ತಿ ಬಾಯಿ ಕಟ್ಟಬೇಕು. ಅದು ಗೊತ್ತಿದ್ದವರು ಬದುಕಿರುವವರಲ್ಲಿ ಇಬ್ಬರೇ. ಒಬ್ಬಳು ಬಾಗಿಲ ಹೊರಗೆ ನಿಂತಿದ್ದಳು. ಇನ್ನೊಬ್ಬರ ಎಡಗೈಯಲ್ಲಿ ಬೆಳಿಗ್ಗೆ ದಾರದ ಉಂಡೆ ಉರುಳುತ್ತಿತ್ತು.

“ಪುಟ್ಟಿ, ಅಲ್ಲೇ ನಿಲ್ಲು. ಒಳಗೆ ಹೋಗಬೇಡ. ಉಸಿರೂ ಬಿಡಬೇಡ.”

ಅಷ್ಟರಲ್ಲಿ ಕೌಂಟರಿನ ಫೋನು ಹೊಡೆದುಕೊಂಡಿತು.

ಗುಮಾಸ್ತ ಎತ್ತಿ, ಕೇಳಿ, ಮುಖವರಳಿಸಿದ. ರಿಸೀವರನ್ನು ಅಂಗೈಯಲ್ಲಿ ಮುಚ್ಚಿ ಗಾಜಿನ ಕಿಂಡಿಯಿಂದ ಚಾಚಿದ. “ನಾನು ಹೇಳಿದ್ದು ಸುಳ್ಳಾ? ತಗೊಳ್ಳಿ, ಮೇಡಂ ಅವರೇ. ನೀವೇ ಕೇಳ್ಕೊಳ್ಳಿ.”

ಗಿಳಿಮಾವ ರಿಸೀವರನ್ನು ಬಲಗಿವಿಗೆ ಹಿಡಿದ. ಎಡಗಿವಿಯಲ್ಲಿ ಮೊಬೈಲು, ಅದರೊಳಗೆ ಪುಟ್ಟಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಬಲಗಿವಿಯಲ್ಲಿ ಪುಟ್ಟಿ ಮಾತಾಡಿದಳು.

“ತ್ಚು... ಅಣ್ಣಾ, ಬೆಳಿಗ್ಗೆಯ ಪೆಟ್ಟಿಗೆ ಕೊಡೋವಾಗ ನನ್ನ ಜೊತೆ ಬೇರೆ ಯಾರಾದ್ರೂ ಇದ್ರಾ ಅಣ್ಣಾ?”

ಪುಟ್ಟಿ ಯಾವತ್ತೂ ಲೊಚಗುಡುತ್ತಿರಲಿಲ್ಲ. ಆ ‘ತ್ಚು’ ಅವನದು. ಅದನ್ನು ಅವನು ಊರಿಗೆಲ್ಲ ಹಂಚಿರಲಿಲ್ಲ. ಒಂದೇ ಮಂಚದ ಪಕ್ಕ ಕೂತು, ಒಬ್ಬರ ಮುಂದೆ, ವಾರವಾರವೂ ಮಾಡಿ ತೋರಿಸಿದ್ದ. ‘ನೀವೂ ಹೇಳಿ’ ಎಂದಿದ್ದ.

ಹೇಳುತ್ತಿದ್ದರು.

ಪುಟ್ಟಿ ಕಳ್ಳಿಯಲ್ಲ. ಅಷ್ಟು ಹೊತ್ತಿನಲ್ಲಿ ಅವನು ಎಳೆದುಕೊಂಡ ಮೊದಲ ಪೂರ್ತಿ ಉಸಿರು ಅದು. ಆದರೆ ಅದನ್ನು ಬಿಡಲಾಗಲಿಲ್ಲ. ಅವಳಿಗೆ ಈ ವಿದ್ಯೆ ಕಲಿಸಿದವರು, ಅವಳು ದಿನಾ ತುತ್ತು ಬಾಯಿಗಿಡುತ್ತಿದ್ದವರು, ಅವಳ ದನಿ ಕದ್ದು ಅವಳ ಹೆಸರನ್ನೇ ಮುಳುಗಿಸುತ್ತಿದ್ದರು. ಯಾಕೆ?

ಇನ್ನಷ್ಟು ಮಾತಾಡಿಸಬೇಕು. ಮಾವ ದನಿಯನ್ನು ಮೂಗಿಗೇರಿಸಿಕೊಂಡ. ಗಾಜಿನ ಹಿಂದೆ ಗುಮಾಸ್ತ ತನ್ನ ದನಿ ಬೇರೊಬ್ಬರ ಬಾಯಲ್ಲಿ ಕೇಳಿ ಕಣ್ಣು ಕಣ್ಣು ಬಿಟ್ಟ.

“ಇಲ್ಲ ಮೇಡಂ, ನೀವೊಬ್ರೇ ಇದ್ರಿ. ಯಾಕೆ, ಏನಾದ್ರೂ ತೊಂದ್ರೆ ಆಯ್ತಾ ಮೇಡಂ?”

ಆ ಕಡೆ ದಾರದ ಉಂಡೆಯೊಂದು ನೆಲಕ್ಕೆ ಬಿದ್ದು ಉರುಳಿದ ಸಣ್ಣ ಸದ್ದು.

ಮತ್ತೆ ಬಂದ ದನಿ ಪುಟ್ಟಿಯದಾಗಿರಲಿಲ್ಲ. ಅಣಕ ಕೇಳಿ ಕಲಿತ ದನಿ ಸಲೀಸು, ಸ್ವಂತ ದನಿ ಮಾತ್ರ ಇನ್ನೂ ತೊದಲು, ಒರಟು, ತುಕ್ಕು ಹಿಡಿದ ಚಕ್ರವೊಂದು ಹಲ್ಲಿಗೆ ಹಲ್ಲು ಕಚ್ಚಿ ಮೆಲ್ಲಗೆ ತಿರುಗಿದಂತೆ.

“ಬೀಗರೇ... ಗುಮಾಸ್ತರ ದನಿ... ನಿಮಗೆ ಸರಿಯಾಗಿ... ಬರಲ್ಲ.”

ಗಿಳಿಮಾವ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ನನ್ನ ಸೊಸೆ... ಬಾಗಿಲ ಹೊರಗಿದಾಳೆ. ಕಾಲ ನೆರಳು ಕಾಣ್ತಿದೆ. ಒಳಗೆ... ಬರಬೇಡ ಅನ್ನಿ. ಈ ಗಡಿಯಾರಗಳನ್ನೆಲ್ಲ... ಬಿಚ್ಚಿಟ್ಟಿದೀನಿ. ಅಂಕಿಯ ಫಲಕದ ಅಡಿಗೆ... ನಮ್ಮ ಯಜಮಾನರು ಬಚ್ಚಿಟ್ಟ ಕಾಗದಗಳು... ಅವಳು ನೋಡಿದ್ರೆ... ನನ್ನ ಮಗನ ಜೊತೆ... ಒಂದು ದಿನ ಬಾಳಲ್ಲ.”

ಎಡಗಿವಿಯಲ್ಲಿ ಪುಟ್ಟಿ ಪಿಸುಗುಟ್ಟಿದಳು. “ಮಾವ, ಒಳಗೆ ಯಾರೋ ಮಾತಾಡ್ತಿದಾರೆ. ಅತ್ತೆ ಹತ್ರ ಯಾರೋ ಇದಾರೆ ಮಾವ. ನಾನು ಹೋಗ್ತೀನಿ.”

ಬೇಡ ಎನ್ನಬೇಕು. ಅಥವಾ ಹೋಗು ಎನ್ನಬೇಕು. ಊರವರ ದನಿಯೆಲ್ಲ ಸಲೀಸಾಗಿ ಬರುತ್ತಿದ್ದ ಆ ಗಂಟಲಿಂದ ತನ್ನದೇ ದನಿಯೊಂದು ಹೊರಡಲಿಲ್ಲ.

ಬಾಗಿಲು ಕಿರುಗುಟ್ಟಿದ ಸದ್ದು ಎರಡೂ ಕಿವಿಗೆ ಒಟ್ಟಿಗೇ ಕೇಳಿಸಿತು.